ಹಿಂಜರಿದ ಗಾಯಕ ಸ್ಟುಡಿಯೊಗೆ ಬಂದದ್ದು ಹೇಗೆ: ಒಂದು ಆಲ್ಬಂನ ಪ್ರಕರಣ ಅಧ್ಯಯನ

ಹಾಡುವವರ ಮನೆಬಾಗಿಲಿಗೆ ಧ್ವನಿಮುದ್ರಣದ ಉಪಕರಣ ಹಿಡಿದು ಹೋಗುವವರು ನಮ್ಮಲ್ಲಿ ಈಗ ಬಹಳ ಮಂದಿ. ಕೈಯಲ್ಲಿ ಮೊಬೈಲ್ ಇದ್ದರೂ ಸಾಕು, ಹಾಡಿ ಎಂದು ಕೇಳುತ್ತೇವೆ, ಹಾಡಿದ್ದನ್ನು ತುಂಬಿಕೊಂಡು ಬರುತ್ತೇವೆ. ಆ ಹಾಡಿನ ಒಳಗೆ ಹಾಡಿದವರ ಬದುಕಿನ ಗಾಯವೂ ಇದ್ದಾಗ ಏನು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಅಂಥವರು ಕೂತು ಯೋಚಿಸಲೆಂದು ಆಸ್ಟ್ರೇಲಿಯಾದ ಒಂದು ಪ್ರಕರಣವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವಸ್ತು, 1990ರಲ್ಲಿ ಹೊರಬಂದ ಒಂದು ಸ್ಟುಡಿಯೊ ಆಲ್ಬಂ. ಅದನ್ನು ಹಾಡಿದವರು, ಅದರ ಬಹುಪಾಲು ಹಾಡುಗಳನ್ನು ಬರೆದವರು ಅಲ್ಲಿನ ಅಬೊರಿಜಿನಲ್ ಸಮುದಾಯದ, ಅಂದರೆ ಆ ನೆಲದ ಮೂಲನಿವಾಸಿಗಳಾದ, ಒಬ್ಬ ಗಾಯಕ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರ ಸಂಗಾತಿಯ ಹೆಸರನ್ನಾಗಲಿ, ಆಲ್ಬಂ ನಿರ್ಮಿಸಿದ ಇಬ್ಬರ ಹೆಸರನ್ನಾಗಲಿ ಬರೆಯುವುದಿಲ್ಲ. ಹೆಸರು ಬಂದೊಡನೆ ಓದುಗರ ಕಣ್ಣು ಕೀರ್ತಿಯ ಕಡೆಗೆ ಹೊರಳುತ್ತದೆ. ನನಗೆ ಬೇಕಿರುವುದು ಆ ನಾಲ್ಕಾರು ಜನ ಯಾವ ಗಳಿಗೆಯಲ್ಲಿ ಏನು ನಿರ್ಧರಿಸಿದರು ಎಂಬುದು. ಇನ್ನೊಂದು ಕಾರಣವೂ ಇದೆ. ತೀರಿಕೊಂಡವರ ಹೆಸರನ್ನು ಕೆಲಕಾಲ ಉಚ್ಚರಿಸದಿರುವುದು ಅಲ್ಲಿನ ಅನೇಕ ಸಮುದಾಯಗಳಲ್ಲಿ ನಡೆದುಬಂದ ಸಂಪ್ರದಾಯ. ಈ ಗಾಯಕರ ವಿಷಯದಲ್ಲಿ ಕುಟುಂಬದವರೇ ಹೆಸರು ಬಳಸಲು ಅನುಮತಿ ಕೊಟ್ಟಿದ್ದಾರೆ, ನಿಜ. ಆದರೂ ಈ ಬರಹದ ಮಟ್ಟಿಗೆ ಅವರು ‘ಗಾಯಕರು’ ಆಗಿಯೇ ಇರಲಿ. ಬಲ್ಲವರು ಗುರುತಿಸುತ್ತಾರೆ, ಅದರಿಂದ ಯಾವ ನಷ್ಟವೂ ಇಲ್ಲ.

ಹಿನ್ನೆಲೆ

ಗಾಯಕರು ಹುಟ್ಟಿದ್ದು 1956ರಲ್ಲಿ, ವಿಕ್ಟೋರಿಯಾ ರಾಜ್ಯದಲ್ಲಿ. ತಾಯಿ ಗುಂಡಿಜ್‌ಮಾರ ಜನಾಂಗದವರು, ತಂದೆ ಉತ್ತರದ ಬುಂಜಲುಂಗ್ ಜನಾಂಗದವರು. ಕುಟುಂಬ ನೆಲೆಸಿದ್ದು ವಾರ್ನಂಬೂಲ್ ಪಟ್ಟಣದ ಹತ್ತಿರ, ಫ್ರ್ಯಾಮ್ಲಿಂಗಮ್ ಎಂಬಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮೂಲನಿವಾಸಿಗಳನ್ನು ಒಂದೆಡೆ ಕೂಡಿಹಾಕಲು ತೆರೆದ ಮಿಷನ್ ವಸತಿ ಅದು. ಹುಡುಗನಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ, ಸರ್ಕಾರದವರು ಬಂದು ಅವನನ್ನೂ ಒಡಹುಟ್ಟಿದವರನ್ನೂ ಎತ್ತಿಕೊಂಡು ಹೋದರು.

ಇದು ಯಾವನೋ ಒಬ್ಬ ದುಷ್ಟ ಅಧಿಕಾರಿ ಮಾಡಿದ ಕೆಲಸವಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಅನಾಥಾಲಯಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸುವುದು ಆಸ್ಟ್ರೇಲಿಯಾದ ರಾಜ್ಯಗಳಲ್ಲಿ ದಶಕಗಳ ಕಾಲ ಕಾನೂನಿನ ಬಲದಿಂದಲೇ ನಡೆದ ನೀತಿ. 1910ರಿಂದ 1970ರವರೆಗೆ ಪ್ರತಿ ಮೂರರಿಂದ ಹತ್ತು ಮೂಲನಿವಾಸಿ ಮಕ್ಕಳಲ್ಲಿ ಒಂದು ಮಗುವನ್ನು ಹೀಗೆ ಒಯ್ಯಲಾಯಿತೆಂದು ಮುಂದೆ ನಡೆದ ರಾಷ್ಟ್ರೀಯ ವಿಚಾರಣೆ ಅಂದಾಜು ಮಾಡಿತು. ಹೀಗೆ ಕಳೆದುಹೋದವರನ್ನು ಈಗ ಅಲ್ಲಿ ‘ಕದ್ದೊಯ್ದ ತಲೆಮಾರುಗಳು’ ಎಂದೇ ಕರೆಯುತ್ತಾರೆ. ಒಬ್ಬ ಇತಿಹಾಸಕಾರರು 1981ರಲ್ಲಿ ಬರೆದ ಪುಟ್ಟ ಪುಸ್ತಿಕೆಯಿಂದ ಬಳಕೆಗೆ ಬಂದ ಹೆಸರದು. ನಮ್ಮ ಪ್ರಕರಣ ಶುರುವಾಗುವ ಹೊತ್ತಿಗೆ ಆ ಹೆಸರು ವಿದ್ವಾಂಸರ ವಲಯವನ್ನೂ ನೊಂದವರ ವಲಯವನ್ನೂ ದಾಟಿ ಹೆಚ್ಚು ದೂರ ಹೋಗಿರಲಿಲ್ಲ.

ಹುಡುಗ ಮೊದಲು ಅನಾಥಾಲಯದಲ್ಲಿದ್ದ. ಸಾಕಲು ಕೊಟ್ಟ ಎರಡು ಮನೆಗಳಲ್ಲಿ ಸುಖ ಕಾಣಲಿಲ್ಲ. ಮೂರನೆಯದು ಮೆಲ್ಬರ್ನ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಕುಟುಂಬ. ಅವರು ಅವನನ್ನು ಪ್ರೀತಿಯಿಂದ ಬೆಳೆಸಿದರು. ಸಾಕುತಂದೆ ತಮ್ಮ ನಾಡಿನ ಹಳೆಯ ಕಥನಗೀತೆಗಳನ್ನು ಹಾಡಿಕೊಳ್ಳುತ್ತಿದ್ದರು, ಆ ಮನೆಯ ಮಗಳು ಗಿಟಾರ್ ಮೀಟುವುದನ್ನು ಕಲಿಸಿದಳು, ಚರ್ಚಿನ ಭಜನೆಗಳು ಕಿವಿಗೆ ಬಿದ್ದವು. ಗಾಯಕನ ಸಂಗೀತವೆಲ್ಲ ಕಸಿದುಕೊಂಡ ಮೇಲೆ ಸಿಕ್ಕ ಮನೆಯಲ್ಲಿ ಚಿಗುರಿತು ಎಂಬ ಈ ಸಂಕಟದ ಸತ್ಯವನ್ನು ಬದಿಗಿಟ್ಟು ಈ ಕಥೆ ಹೇಳಲು ಬರುವುದಿಲ್ಲ. ಹೆತ್ತವರು ಮನೆಗೆ ಬೆಂಕಿ ಬಿದ್ದು ಸತ್ತರೆಂದು ಅವನಿಗೆ ಹೇಳಲಾಗಿತ್ತು. ಸಾಕಿದವರೂ ಹಾಗೆಂದೇ ನಂಬಿದ್ದರು.

ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಒಂದು ದಿನ ಶಾಲೆಯ ಧ್ವನಿವರ್ಧಕದಲ್ಲಿ ಒಂದು ಹೆಸರು ಕೂಗಿದರು. ಕಚೇರಿಗೆ ಬರಬೇಕಂತೆ. ತರಗತಿಯಲ್ಲಿದ್ದ ಹುಡುಗನಿಗೆ ಅದು ತನ್ನದೇ ಹೆಸರು ಎಂದು ತಕ್ಷಣ ಹೊಳೆಯಲಿಲ್ಲ. ಅವನು ಸಾಕಿದವರ ಮನೆತನದ ಹೆಸರಿನಲ್ಲಿ ಓದುತ್ತಿದ್ದ. ಕಚೇರಿಯಲ್ಲಿ ಅವನಿಗಾಗಿ ಒಂದು ಪತ್ರ ಕಾದಿತ್ತು. ಬರೆದವಳು ಸಿಡ್ನಿಯಲ್ಲಿದ್ದ ಅಕ್ಕ. ಅವನಿಗೆ ಅಕ್ಕ ಇದ್ದಾಳೆಂಬುದೇ ಗೊತ್ತಿರಲಿಲ್ಲ. ನಮ್ಮ ಅಮ್ಮ ಒಂದು ವಾರದ ಹಿಂದೆ ತೀರಿಕೊಂಡಳು ಎಂದು ಅದರಲ್ಲಿತ್ತು, ಒಡಹುಟ್ಟಿದವರ ಹೆಸರುಗಳಿದ್ದವು. ಬೆಂಕಿಯಲ್ಲಿ ಸತ್ತಳೆಂದು ಹೇಳಲಾಗಿದ್ದ ತಾಯಿ ಅಷ್ಟೂ ವರ್ಷ ಬದುಕಿದ್ದಳು.

ಸ್ವಲ್ಪ ಕಾಲದಲ್ಲೇ ಹುಡುಗ ಗಿಟಾರ್ ಹಿಡಿದು ಮನೆ ಬಿಟ್ಟ. ಮುಂದಿನದು ಸಿಡ್ನಿ, ಮೆಲ್ಬರ್ನ್, ಅಡಿಲೇಡ್ ನಗರಗಳ ಬೀದಿಗಳಲ್ಲಿ ಅಲೆದಾಟ ಮತ್ತು ಕುಡಿತ. ನಾಣ್ಯ ಚಿಮ್ಮಿ ಊರು ಆರಿಸಿಕೊಂಡು ಒಮ್ಮೆ ಅಡಿಲೇಡ್‌ಗೆ ಹೋದಾಗ ನಿರ್ಗತಿಕರಿಗೆ ಆಸರೆ ಕೊಡುತ್ತಿದ್ದ ಕಟ್ಟಡವೊಂದರಲ್ಲಿ ಹದಿನಾರರ ಹುಡುಗಿಯೊಬ್ಬಳ ಪರಿಚಯವಾಯಿತು. ನಾರಿಂಜೆರಿ ಜನಾಂಗದ ಅವಳನ್ನು ಎಂಟನೆಯ ವಯಸ್ಸಿನಲ್ಲಿ ಸರ್ಕಸ್ ತೋರಿಸುತ್ತೇವೆಂದು ಹೇಳಿ ಮನೆಯಿಂದ ಒಯ್ದಿದ್ದರು. ಆ ಇಬ್ಬರೂ ಜೊತೆಯಾದರು, ಮಕ್ಕಳಾದವು, ಕುಡಿತದಿಂದ ಸಂಸಾರ ಒಡೆಯುವ ಹಂತಕ್ಕೂ ಬಂತು, ಕೊನೆಗೆ ಇಬ್ಬರೂ ಕುಡಿತ ಬಿಟ್ಟರು. 1980ರ ದಶಕದ ಕೊನೆಯ ಹೊತ್ತಿಗೆ ಅವರು ಮೆಲ್ಬರ್ನ್‌ನಲ್ಲಿ ಸ್ನೇಹಿತರ ಜೊತೆ ಒಂದು ಪುಟ್ಟ ವಾದ್ಯತಂಡ ಕಟ್ಟಿಕೊಂಡು ಹಾಡುತ್ತಿದ್ದರು.

ನೆನಪಿಲ್ಲದ ದಿನದ ಹಾಡು

ಮೊದಲ ತಿರುವು ಸ್ಟುಡಿಯೊ ಎಂಬ ಮಾತೇ ಇಲ್ಲದಿದ್ದಾಗ ಬಂತು. ಫ್ರ್ಯಾಮ್ಲಿಂಗಮ್‌ನ ಹಿರಿಯರೊಬ್ಬರು, ಊರವರೆಲ್ಲ ಗೌರವದಿಂದ ‘ಅಂಕಲ್’ ಎಂದು ಕರೆಯುತ್ತಿದ್ದವರು (ಅಲ್ಲಿ ಹಿರಿಯರಿಗೆ ಸಲ್ಲುವ ಮರ್ಯಾದೆಯ ಸಂಬೋಧನೆಯೇ ಅದು), ಗಾಯಕರನ್ನು ಕೂರಿಸಿಕೊಂಡು ನಿಮ್ಮನ್ನು ಒಯ್ದ ದಿನದ ಬಗ್ಗೆ ಒಂದು ಹಾಡು ಕಟ್ಟು ಎಂದರು. ನಾನು ಆಗ ತೀರ ಚಿಕ್ಕವನು, ನನಗೆ ಏನೂ ನೆನಪಿಲ್ಲ ಎಂದು ಗಾಯಕರು ಹೇಳಿದರು. ಹಿರಿಯರಿಗೆ ಎಲ್ಲವೂ ನೆನಪಿತ್ತು. ಅವರು ಕಂಡದ್ದನ್ನು ಕಂಡಂತೆ ಹೇಳಿದರು.

ನಾನು ಈ ಪ್ರಕರಣವನ್ನು ಓದಿದಾಗಲೆಲ್ಲ ಇಲ್ಲಿ ತಡೆದು ನಿಲ್ಲುತ್ತೇನೆ. ಮುಂದೆ ಇಡೀ ದೇಶ ಅತ್ಯಂತ ಖಾಸಗಿಯಾದ ಆತ್ಮಕಥನವೆಂದು ಕೇಳಿದ ಹಾಡು ಹುಟ್ಟಿದ್ದು ಹಾಡಿದವರ ನೆನಪಿನಿಂದಲ್ಲ, ನೆರೆಯವರೊಬ್ಬರ ನೆನಪಿನಿಂದ. ಊರು ಆ ದಿನವನ್ನು ಮೂವತ್ತು ವರ್ಷ ಕಾಪಿಟ್ಟುಕೊಂಡು ಅದರ ಯಜಮಾನನಿಗೆ ಹಿಂದಿರುಗಿಸಿತು. ಹಾಡು ತನ್ನದಾದರೂ ಅದರ ಒಡೆತನ ತನ್ನೊಬ್ಬನದಲ್ಲ ಎಂಬ ತಿಳಿವಳಿಕೆ ಗಾಯಕರಲ್ಲಿ ಕಡೆಯವರೆಗೂ ಇತ್ತು. ಅದರ ಬೇರು ಈ ಮಾತುಕತೆಯಲ್ಲಿದೆ ಎಂದು ನನ್ನ ನಂಬಿಕೆ.

ಹಾಡಿನ ಕಟ್ಟಡವನ್ನೂ ಒಮ್ಮೆ ನೋಡಬೇಕು. ಇದು ನಿಜವಾಗಿ ನಡೆದದ್ದು ಎಂದು ಮೊದಲೇ ಆಣೆಯಿಟ್ಟಂತೆ ಹೇಳಿ ಅದು ಶುರುವಾಗುತ್ತದೆ. ನಂಬದವರ ಮುಂದೆ ಹಾಡಬೇಕಾಗುತ್ತದೆಂದು ಕವಿಗೆ ಗೊತ್ತಿತ್ತು. ಆಮೇಲೆ ಮಕ್ಕಳನ್ನು ಒಯ್ದ ಬಗೆ, ತಂದೆಯ ಸಿಟ್ಟು, ತಾಯಿಯ ಗೋಳು ಬರುತ್ತವೆ. ಕೊನೆಯಲ್ಲಿ ಹಾಡು ತಿರುಗುತ್ತದೆ: ಹೋದ ಮಕ್ಕಳು ಮರಳಿ ಬರುತ್ತಾರೆ, ತಾಯ ನೆಲಕ್ಕೆ. ನಿಜ ಬದುಕಿನಲ್ಲಿ ಈ ಮಗ ಬರುವ ಮೊದಲೇ ತಾಯಿ ಹೋಗಿಯಾಗಿತ್ತು. ಆದರೂ ಅಥವಾ ಅದಕ್ಕಾಗಿಯೇ ಅವರು ಮರಳುವಿಕೆಯನ್ನು ಬರೆದರು. ಅಲ್ಲಿಗೆ ಹಾಡನ್ನು ಮುಗಿಸಿದ್ದು ಒಂದು ನಿರ್ಧಾರ. ಕಣ್ಣೀರಿನಲ್ಲೇ ನಿಲ್ಲಿಸಿದ್ದರೆ ಕೇಳುವವರು ಮರುಗಿ ಎದ್ದು ಹೋಗುತ್ತಿದ್ದರು. ಒಯ್ಯಲ್ಪಟ್ಟವರು ಅದರಲ್ಲಿ ತಮ್ಮ ಜಾಗ ಕಾಣುತ್ತಿರಲಿಲ್ಲ.

1988 ಆಸ್ಟ್ರೇಲಿಯಾದಲ್ಲಿ ದೊಡ್ಡ ಹಬ್ಬದ ವರ್ಷ. ಬ್ರಿಟಿಷರ ಮೊದಲ ಹಡಗುಗಳು ಬಂದು 200 ವರ್ಷವಾಯಿತೆಂದು ಸರ್ಕಾರ ಸಂಭ್ರಮಿಸುತ್ತಿತ್ತು. ಜನವರಿ 26ರಂದು ಸಿಡ್ನಿಯಲ್ಲಿ 40,000ಕ್ಕೂ ಹೆಚ್ಚು ಜನ, ಮೂಲನಿವಾಸಿಗಳೂ ಅವರ ಬೆಂಬಲಿಗರೂ, ಇದು ಹಬ್ಬವಲ್ಲ, ನಮ್ಮ ಸೂತಕ ಎಂದು ಬೀದಿಗಿಳಿದರು. ಆ ವರ್ಷ ಗಾಯಕರು ಈ ಹಾಡನ್ನು ಪ್ರತಿಭಟನೆಗೆ ಸೇರಿದ ತಮ್ಮವರ ನಡುವೆ ಹಾಡಿದರು, ಮೆಲ್ಬರ್ನ್‌ನ ಸಮುದಾಯ ರೇಡಿಯೊದಲ್ಲಿ ಹಾಡಿದರು, ಮೂಲನಿವಾಸಿಗಳ ಟಿವಿ ಕಾರ್ಯಕ್ರಮವೊಂದರಲ್ಲಿ ಹಾಡಿದರು. ಕೇಳಿದವರು ಬಳಿಗೆ ಬಂದು ನನ್ನನ್ನೂ ಒಯ್ದಿದ್ದರು, ನನ್ನ ಅಣ್ಣನನ್ನು ಒಯ್ದಿದ್ದರು ಎಂದು ಹೇಳತೊಡಗಿದರು. ಇದು ತನ್ನ ಮನೆಯ ಕಥೆ ಮಾತ್ರವಲ್ಲ ಎಂಬುದು ಅವರಿಗೆ ಮನದಟ್ಟಾದದ್ದು ಹೀಗೆ, ಒಬ್ಬೊಬ್ಬರ ಮುಖ ನೋಡುತ್ತ.

ಸಭಾಂಗಣದ ಮೌನ

ಟಿವಿಯಲ್ಲಿ ಆ ಹಾಡು ಕೇಳಿದವರಲ್ಲಿ ಒಬ್ಬ ಗಿಟಾರ್ ವಾದಕರಿದ್ದರು. ದೇಶದಲ್ಲಿ ಆಗಲೇ ಹೆಸರಾಗಿದ್ದ ಬಿಳಿಯ ಗೀತಕಾರರೊಬ್ಬರ ವಾದ್ಯತಂಡದಲ್ಲಿ ಅವರು ನುಡಿಸುತ್ತಿದ್ದರು. ಆ ವಾದಕರು ಹಾಡಿನ ಬಗ್ಗೆ ಗೀತಕಾರರಿಗೆ ಹೇಳಿದರು. 1989ರ ಆರಂಭದಲ್ಲಿ ಮೆಲ್ಬರ್ನ್ ಕನ್ಸರ್ಟ್ ಹಾಲ್‌ನಲ್ಲಿ ನಡೆಯಲಿದ್ದ ತಮ್ಮ ಕಾರ್ಯಕ್ರಮಕ್ಕೆ ಮುನ್ನ ಎರಡು ಹಾಡು ಹಾಡಲು ಗೀತಕಾರರು ಗಾಯಕರನ್ನು ಕರೆದರು. ಎರಡು ಸಾವಿರಕ್ಕೂ ಹೆಚ್ಚು ಆಸನಗಳ ಸಭಾಂಗಣ ಅದು. ಬಂದಿದ್ದವರು ಗಾಯಕರ ಹೆಸರನ್ನೇ ಕೇಳಿರಲಿಲ್ಲ.

ಗಾಯಕರು ಹಾಡಿದ ಎರಡು ಹಾಡುಗಳಲ್ಲಿ ಒಂದು ಪೊಲೀಸ್ ವಶದಲ್ಲಿ ಸತ್ತ ತರುಣನದು, ಇನ್ನೊಂದು ಒಯ್ದ ಮಕ್ಕಳದು. ಬಂಧನದಲ್ಲಿ ಮೂಲನಿವಾಸಿಗಳು ಸಾಯುತ್ತಿದ್ದುದರ ಬಗ್ಗೆ ರಾಯಲ್ ಕಮಿಷನ್ ಒಂದು, ಅಂದರೆ ಸರ್ಕಾರ ನೇಮಿಸಿದ ಉನ್ನತ ತನಿಖಾ ಆಯೋಗ, 1987ರಿಂದ 99 ಸಾವುಗಳನ್ನು ಜಾಲಾಡುತ್ತಿದ್ದ ಕಾಲ ಅದು. ಹಾಡು ಮುಗಿಯಿತು. ಸಭಾಂಗಣದಲ್ಲಿ ಒಂದು ಸದ್ದಿಲ್ಲ. ತಮ್ಮ ಹಾಡು ಇವರಿಗೆ ಹಿಡಿಸಲಿಲ್ಲ, ಎಲ್ಲ ಕೆಟ್ಟಿತು ಎಂದುಕೊಂಡು ಗಾಯಕರು ಬೆನ್ನು ತಿರುಗಿಸಿ ವೇದಿಕೆಯಿಂದ ಹೊರಟರು. ಅವರು ನಡೆಯುತ್ತಿದ್ದಂತೆ ಎಲ್ಲೋ ಒಂದೆರಡು ಚಪ್ಪಾಳೆ ಕೇಳಿಸಿತು, ಮತ್ತೆ ನಾಲ್ಕು, ಹೆಂಚಿನ ಮೇಲೆ ಮೊದಲ ಹನಿ ಬಿದ್ದು ಆಮೇಲೆ ಜಡಿಮಳೆ ಹಿಡಿದ ಹಾಗೆ ಇಡೀ ಸಭೆ ಮೊರೆಯಿತು.

ಆ ಮೌನವನ್ನು ಹಾಡಿದವರು ತಿರಸ್ಕಾರವೆಂದು ಕೇಳಿಸಿಕೊಂಡರು. ಅದಕ್ಕೆ ಅವರ ಬದುಕೇ ಕಾರಣ. ಮೂವತ್ತು ವರ್ಷ ಎದುರಿನವರ ಮೌನ ಅವರಿಗೆ ಬೇರೆ ಅರ್ಥ ಕೊಟ್ಟಿರಲಿಲ್ಲ. ನಾವು ಧ್ವನಿಮುದ್ರಣಕ್ಕೆ ಕೂರಿಸುವ ಹಿರಿಯರೂ ಹಾಡು ಮುಗಿಸಿ ನಮ್ಮ ಮುಖ ನೋಡುತ್ತಾರೆ. ನಾವು ಉಪಕರಣದ ಗುಂಡಿ ಒತ್ತುವುದರಲ್ಲಿ ಮುಳುಗಿರುತ್ತೇವೆ. ಆ ಒಂದು ನಿಮಿಷ ಅವರ ಮನಸ್ಸಿನಲ್ಲಿ ಏನಾಗುತ್ತದೆಂದು ನಾನಂತೂ ಎಷ್ಟೋ ವರ್ಷ ಯೋಚಿಸಿರಲಿಲ್ಲ.

ತೊಡಕು

ಇದಾದ ಮೇಲೆ ಆ ಗೀತಕಾರರು ಆಲ್ಬಂ ಮಾಡೋಣವೇ ಎಂದು ಕೇಳಿದರು. ಹೊರಗಿನಿಂದ ನೋಡುವವರಿಗೆ ಇದು ಯಾರಾದರೂ ಕಾದು ಕೂರುವ ಅವಕಾಶ. ಗಾಯಕರು ಹಿಂಜರಿದರು.

ಹಿಂಜರಿಕೆಯನ್ನು ಸಂಕೋಚವೆಂದು ತಳ್ಳಿಹಾಕಿದರೆ ಪ್ರಕರಣ ಅರ್ಥವಾಗುವುದಿಲ್ಲ. ಅವರಿಗೆ ಖ್ಯಾತನಾಗುವ ಹಂಬಲವಿರಲಿಲ್ಲ. ತನ್ನವರ ನಡುವೆ ಕೂತು ಹಾಡುವುದರಲ್ಲಿ ಅವರು ತೃಪ್ತರಾಗಿದ್ದರು. ಕುಡಿತ ಬಿಟ್ಟು ನೇರ ನಿಂತ ಬದುಕು ಇನ್ನೂ ಹಸಿಯಾಗಿತ್ತು. ಒಮ್ಮೆ ಮುದ್ರಣವಾದ ಮೇಲೆ ಈ ಹಾಡನ್ನು ಊರೂರಿನಲ್ಲಿ, ರಾತ್ರಿ ರಾತ್ರಿಯೂ ಹಾಡಬೇಕಾಗುತ್ತದೆ. ಅಷ್ಟು ಸಲವೂ ಆ ದಿನ ಎದ್ದು ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಯಾರ ನೀತಿಯಿಂದ ಇದಾಯಿತೋ ಅದೇ ಸಮಾಜದವರು. ಈ ಲೆಕ್ಕಗಳನ್ನೆಲ್ಲ ಅವರು ಬಾಯಿಬಿಟ್ಟು ಹೇಳಿದರೋ ಇಲ್ಲವೋ, ನಿರ್ಧಾರದ ಮೇಲೆ ಇವುಗಳ ಭಾರವಂತೂ ಇತ್ತು.

ಇಂಥ ಹೊತ್ತಿನಲ್ಲಿ ನಿರ್ಮಾಪಕರು ಸಾಮಾನ್ಯವಾಗಿ ಮಾಡುವುದೇನು? ಒತ್ತಾಯಿಸುತ್ತಾರೆ, ಇಂಥ ಅವಕಾಶ ಮತ್ತೆ ಬಾರದು ಎನ್ನುತ್ತಾರೆ, ಮುಂಗಡ ಹಣ ಎಷ್ಟೆಂದು ಹೇಳುತ್ತಾರೆ. ಇಲ್ಲಿ ಮಾತನಾಡಿದವರು ಬೇರೆಯವರು. ಸಂಗಾತಿ ಗದರಿದರು. ಎಲ್ಲವೂ ನಿನ್ನೊಬ್ಬನ ವಿಷಯವಲ್ಲ, ನಮ್ಮ ಕರಿಯ ಜನದಲ್ಲಿ ಎಷ್ಟು ಮಂದಿಗೆ ಒಂದು ಆಲ್ಬಂ ಮಾಡುವ ಅವಕಾಶ ಸಿಗುತ್ತದೆ ಹೇಳು ಎಂದರು.

ನಿನ್ನ ಭವಿಷ್ಯಕ್ಕೆ ಒಳ್ಳೆಯದು ಎಂದು ಆಕೆ ಹೇಳಲಿಲ್ಲ. ನಿನಗೆ ಬೇಡವಾದರೂ ನಮಗೆ ಬೇಕು ಎಂದರು. ಈ ಮಾತನ್ನು ಆಡುವ ಹಕ್ಕು ಆಕೆಗಿತ್ತು, ಆಕೆಯೂ ಒಯ್ಯಲ್ಪಟ್ಟವರೇ, ಅದೇ ಬೀದಿಗಳಲ್ಲಿ ಮಲಗಿ ಎದ್ದವರೇ. ಇದೇ ವಾಕ್ಯವನ್ನು ನಿರ್ಮಾಪಕರು ಆಡಿದ್ದರೆ ಅದು ಅತ್ಯಂತ ಹೊಲಸಾದ ಒತ್ತಡವಾಗುತ್ತಿತ್ತು. ನಿಮ್ಮ ಜನಕ್ಕಾಗಿ ಹಾಡಿ ಎಂದು ಹೊರಗಿನವರು ಹೇಳಬಾರದು. ನಾನು ಇದನ್ನು ಹೇಳಿ ತಪ್ಪು ಮಾಡಿದವನು, ಆದ್ದರಿಂದ ಒತ್ತಿ ಬರೆಯುತ್ತಿದ್ದೇನೆ.

ಗಾಯಕರು ಒಪ್ಪಿದರು.

ಸ್ಟುಡಿಯೊದೊಳಗೆ

ನಿರ್ಮಾಣದ ಹೊಣೆ ಹೊತ್ತವರು ಆ ಗೀತಕಾರರು ಮತ್ತು ಟಿವಿಯಲ್ಲಿ ಮೊದಲು ಹಾಡು ಕೇಳಿದ ಗಿಟಾರ್ ವಾದಕರು. ಬಿಡುಗಡೆ ಮಾಡಿದ್ದು ಆಸ್ಟ್ರೇಲಿಯಾದ ದೊಡ್ಡ ಕಂಪನಿಯೊಂದರ ಉಪಸಂಸ್ಥೆ. 1980ರ ದಶಕದ ಕೊನೆಯ ಜನಪ್ರಿಯ ಸಂಗೀತ ಹೇಗಿತ್ತೆಂದು ಆ ಕಾಲದ ಯಾವ ಕ್ಯಾಸೆಟ್ ಹಾಕಿದರೂ ತಿಳಿಯುತ್ತದೆ: ಗುಡುಗಿನಂತೆ ಮೊಳಗುವ ಡ್ರಮ್, ಎಲ್ಲೆಡೆ ಸಿಂಥಸೈಜರ್. ಆಗಿನ ಗಾಳಿಗೆ ತಕ್ಕಂತೆ ಈ ಹಾಡುಗಳಿಗೂ ಅದೇ ಅಂಗಿ ತೊಡಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಗಾಯಕರ ದನಿಯನ್ನೂ ಗಿಟಾರನ್ನೂ ಮುಂದಿಟ್ಟು ಉಳಿದ ವಾದ್ಯಗಳನ್ನು ಹಿಂದೆ ಸರಿಸಿದರು. ದನಿ ತುಂಬು ದನಿ, ಆಳದ್ದು, ತುದಿಯಲ್ಲಿ ಸಣ್ಣಗೆ ನಡುಗುವಂಥದ್ದು. ಆ ನಡುಕ ಕೇಳಿಸುವಷ್ಟು ಜಾಗ ಬಿಟ್ಟಿದ್ದಾರೆ. ಚರ್ಚಿನ ಭಜನೆ, ಸಾಕುತಂದೆಯ ಕಥನಗೀತೆ, ಮೂಲನಿವಾಸಿಗಳಿಗೆ ಬಹಳ ಪ್ರಿಯವಾದ ಕಂಟ್ರಿ ಸಂಗೀತ, ಇವೆಲ್ಲ ಕೂಡಿ ಆದ ಶೈಲಿ ಅದು. ‘ಮೂಲನಿವಾಸಿ ಆಲ್ಬಂ’ ಎಂದು ತೋರಿಸಲು ಅಲಂಕಾರಕ್ಕೆಂದು ಏನನ್ನೂ ಅಂಟಿಸಿಲ್ಲ. ಗಾಯಕರು ಬೆಳೆದದ್ದು ನಗರದಲ್ಲಿ, ಅವರ ಸಂಗೀತ ನಗರದ್ದು. ಅದನ್ನು ಹಾಗೆಯೇ ಬಿಟ್ಟದ್ದು ದೊಡ್ಡ ಮರ್ಯಾದೆ.

ಹಾಡುಗಳ ಆಯ್ಕೆಯಲ್ಲಿ ಎರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು, ಬೀದಿಯಲ್ಲಿ ಬದುಕಿದ ದಿನಗಳ ಬಗ್ಗೆ ಸಂಗಾತಿ ಬರೆದ ಹಾಡೊಂದು ಇದರಲ್ಲಿದೆ, ಅವರ ಹೆಸರಿನಲ್ಲೇ ಇದೆ. ಹಾಡಿದವರು ಗಾಯಕರು. ಆ ಹಾಡನ್ನು ಅವರೂ ಬದುಕಿದ್ದರು. ನಾಲ್ಕು ವರ್ಷಗಳ ಅನಂತರ, 1994ರಲ್ಲಿ, ಸಂಗಾತಿಯ ಸ್ವಂತ ಆಲ್ಬಂ ಹೊರಬಂತು; ದೊಡ್ಡ ಧ್ವನಿಮುದ್ರಣ ಕಂಪನಿಯ ಮೂಲಕ ಆಲ್ಬಂ ತಂದ ಮೊದಮೊದಲ ಮೂಲನಿವಾಸಿ ಮಹಿಳೆಯರಲ್ಲಿ ಅವರೂ ಒಬ್ಬರು. ಮಗುವನ್ನು ಕಳೆದುಕೊಂಡ ಇನ್ನೊಬ್ಬ ತಾಯಿಯ ಹಾಡೂ ಆಲ್ಬಂನಲ್ಲಿದೆ. ಆಕೆಯ ಮಗ ಅಮೆರಿಕದಲ್ಲಿ ಬೆಳೆದು ಅಲ್ಲಿ ಸೆರೆಮನೆ ಸೇರಿದ. ಗಾಯಕರು ತಮ್ಮ ಕಥೆಗಷ್ಟೇ ಆಲ್ಬಂ ಮೀಸಲಿಡಲಿಲ್ಲ.

ಎರಡನೆಯದು, ಹೆಸರು. ಮಕ್ಕಳನ್ನು ಒಯ್ದ ಹಾಡು ಆಗಲೇ ಜನರ ಬಾಯಲ್ಲಿತ್ತು. ವ್ಯಾಪಾರದ ಬುದ್ಧಿ ಆ ಹಾಡಿನ ಹೆಸರನ್ನೇ ಆಲ್ಬಂಗೆ ಇಡು ಎನ್ನುತ್ತದೆ. ಇಟ್ಟದ್ದು ಮೆಲ್ಬರ್ನ್‌ನ ಫಿಟ್ಸ್‌ರಾಯ್ ಬಡಾವಣೆಯ ಒಂದು ಓಣಿಯ ಹೆಸರನ್ನು. ಮನೆಮಾರು ಇಲ್ಲದ ಮೂಲನಿವಾಸಿಗಳು ಸೇರುತ್ತಿದ್ದ, ಕುಡಿಯುತ್ತಿದ್ದ, ಒಬ್ಬರಿಗೊಬ್ಬರು ತಮ್ಮ ಊರಿನ ಕಥೆ ಹೇಳುತ್ತಿದ್ದ ಜಾಗ. ದಾರಿಹೋಕರಿಗೆ ಅದು ಕುಡುಕರ ಓಣಿ. ಅಲ್ಲಿ ಕೂತವರಿಗೆ ಅದು ನೆಂಟರು ಸಿಗುವ ಜಾಗ, ಯಾವ ತಾಯಿಯ ಮಗ ನೀನು ಎಂದು ಕೇಳಿ ಕಳೆದುಹೋದ ಸಂಬಂಧಗಳನ್ನು ಜೋಡಿಸುವ ಜಾಗ. ಅದೇ ಬಡಾವಣೆಯಲ್ಲಿ 1973ರಿಂದ ಮೂಲನಿವಾಸಿಗಳೇ ಕಟ್ಟಿದ ಆರೋಗ್ಯ ಸೇವೆಯೂ ನಡೆಯುತ್ತಿತ್ತು. ಆ ಓಣಿಯ ಹೆಸರನ್ನು ಮುಖಪುಟದ ಮೇಲೆ ಹಾಕಿದಾಗ ಆಲ್ಬಂ ಒಂದು ಗಾಯದ ಕಥೆಯಾಗಿ ಉಳಿಯದೆ ಒಂದು ಜನದ ಬದುಕಾಯಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಪ್ರಿಯವಾದ ನಿರ್ಧಾರ ಇದು.

ಆಮೇಲೆ ಆದದ್ದು

ಮಾರಾಟದ ಪಟ್ಟಿಯಲ್ಲಿ ಆಲ್ಬಂ 86ನೆಯ ಸ್ಥಾನಕ್ಕಿಂತ ಮೇಲೆ ಏರಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ. ಆದರೆ 1991ರಲ್ಲಿ ಆಸ್ಟ್ರೇಲಿಯಾದ ಧ್ವನಿಮುದ್ರಣ ಉದ್ಯಮದ ‘ಏರಿಯಾ’ (ARIA) ಪ್ರಶಸ್ತಿಗಳಲ್ಲಿ ಎರಡು ಇದಕ್ಕೆ ಸಂದವು, ಅತ್ಯುತ್ತಮ ಹೊಸ ಪ್ರತಿಭೆ ಮತ್ತು ಅತ್ಯುತ್ತಮ ಮೂಲನಿವಾಸಿ ಕೃತಿ. ಒಯ್ದ ಮಕ್ಕಳ ಹಾಡಿಗೆ ಮಾನವ ಹಕ್ಕುಗಳ ಪ್ರಶಸ್ತಿಯೂ ಬಂತು. ಗೀತರಚನೆಗೆ ಆ ಪ್ರಶಸ್ತಿ ಕೊಟ್ಟದ್ದು ಅದೇ ಮೊದಲು. 1992ರಲ್ಲಿ ಆಲ್ಬಂ ಅಮೆರಿಕದಲ್ಲೂ ಬಿಡುಗಡೆಯಾಯಿತು. ನಿಧಾನವಾಗಿ ಮಾರುತ್ತ ಮಾರುತ್ತ ಕೊನೆಗೆ, ನಿಗದಿತ ಸಂಖ್ಯೆಯ ಪ್ರತಿಗಳು ಹೋದಾಗ ಸಿಗುವ ಗೋಲ್ಡ್ ಮನ್ನಣೆಯನ್ನೂ ಮುಟ್ಟಿತು.

ಹಾಡು ಹೊರಬಂದು ಏಳು ವರ್ಷಗಳಾದ ಮೇಲೆ, 1997ರಲ್ಲಿ, ಮಕ್ಕಳನ್ನು ಒಯ್ದ ನೀತಿಯ ಬಗೆಗಿನ ರಾಷ್ಟ್ರೀಯ ವಿಚಾರಣೆಯ ವರದಿ ಸಂಸತ್ತಿನ ಮುಂದೆ ಬಂತು. 535 ಮಂದಿ ಅದರ ಮುಂದೆ ತಮ್ಮ ಅನುಭವ ಹೇಳಿದ್ದರು, ಇಲ್ಲವೇ ಬರೆದುಕೊಟ್ಟಿದ್ದರು. 2008ರ ಫೆಬ್ರುವರಿ 13ರಂದು ಪ್ರಧಾನಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಒಂದು ಹಾಡಿನಿಂದ ಇದೆಲ್ಲ ಆಯಿತು ಎಂದು ಹೇಳುವುದು ಅನ್ಯಾಯ. 1980ರಿಂದಲೇ ಲಿಂಕ್ ಅಪ್ ಎಂಬ ಸಂಸ್ಥೆ ಕಳೆದುಹೋದವರನ್ನು ಕುಟುಂಬದೊಂದಿಗೆ ಕೂಡಿಸುತ್ತಿತ್ತು, ಎಷ್ಟೋ ಹೋರಾಟಗಾರರು ಬಾಗಿಲು ಬಡಿಯುತ್ತಲೇ ಇದ್ದರು. ಹಾಡು ಮಾಡಿದ್ದು ಇಷ್ಟು: ವರದಿ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅದರ ಸಾರ ಈಗಾಗಲೇ ಕೇಳಿ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಒಯ್ಯಲ್ಪಟ್ಟವರು ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಬಂದು ಗಾಯಕರ ಕೈ ಹಿಡಿದು ತಮ್ಮ ಕಥೆಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಅವರು ನಿಂತು ಕೇಳಿದರು. ಗಾಯಕ ದಂಪತಿ ಎಷ್ಟೋ ಮಕ್ಕಳಿಗೆ ತಮ್ಮ ಮನೆಯಲ್ಲಿ ಆಸರೆ ಕೊಟ್ಟು ಬೆಳೆಸಿದರು ಎಂಬುದೂ ಈ ಆಲ್ಬಂನ ಫಲದಲ್ಲಿ ಸೇರಬೇಕಾದ ಮಾತು.

ಆಗದೆ ಉಳಿದದ್ದೂ ಇದೆ. ಇವತ್ತಿಗೂ ಆಸ್ಟ್ರೇಲಿಯಾದಲ್ಲಿ ಹೆತ್ತವರಿಂದ ಬೇರ್ಪಟ್ಟು ಸರ್ಕಾರದ ಆರೈಕೆಯಲ್ಲಿರುವ ಮಕ್ಕಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಮೂಲನಿವಾಸಿ ಮಕ್ಕಳು. ವಿಕ್ಟೋರಿಯಾ ರಾಜ್ಯ ನೊಂದವರಿಗೆ ತಲಾ 1,00,000 ಡಾಲರ್ ಪರಿಹಾರ ಕೊಡಲು ಶುರುಮಾಡಿದ್ದು 2022ರಲ್ಲಿ. ಅದೇ ವರ್ಷ ಜುಲೈನಲ್ಲಿ ಗಾಯಕರು 66ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದರಲ್ಲಿ ಕಲಿಯುವುದಕ್ಕಿರುವುದು

ಈ ಪ್ರಕರಣದ ಎಲ್ಲ ತಿರುವುಗಳಲ್ಲೂ ‘ಹೇಳಬೇಕೇ ಬೇಡವೇ’ ಎಂದು ತೀರ್ಮಾನಿಸಿದವರು ಕಥೆಯ ವಾರಸುದಾರರು. ಹಾಡು ಕಟ್ಟು ಎಂದವರು ಊರಿನ ಹಿರಿಯರು, ಮುದ್ರಿಸು ಎಂದವರು ಸಂಗಾತಿ, ಓಣಿಯ ಹೆಸರು ಬಂದದ್ದು ಗಾಯಕರ ಬದುಕಿನಿಂದ. ಹೊರಗಿನವರು ತಂದದ್ದು ವೇದಿಕೆ, ಸ್ಟುಡಿಯೊ, ಕಸುಬಿನ ಜಾಣ್ಮೆ. ಇವಿಲ್ಲದೆ ಆಲ್ಬಂ ಇಲ್ಲ, ಆದ್ದರಿಂದ ಅವರ ಪಾಲನ್ನು ಕಿರಿದು ಮಾಡಲಾರೆ. ಕೇಳಿದರು, ಉತ್ತರಕ್ಕೆ ಕಾದರು, ಒಪ್ಪಿಗೆ ಬಂದ ಮೇಲೆ ದನಿಗೆ ಅಡ್ಡ ಬರಲಿಲ್ಲ. ನಾವು ಬಹಳ ಸಲ ಎಡವುವುದು ಕಾಯುವ ಜಾಗದಲ್ಲಿ. ಅನುದಾನದ ಕೊನೆಯ ದಿನಾಂಕ ಹತ್ತಿರ ಬಂತು, ಕ್ಯಾಮೆರಾದವರು ಬಂದಾಯಿತು, ಆದ್ದರಿಂದ ಇವತ್ತೇ ಹಾಡಿ ಎನ್ನುತ್ತೇವೆ.

ನನ್ನ ಕೆಲಸದಲ್ಲಿ ನಾನು ಬದಲಿಸಿಕೊಂಡದ್ದನ್ನು ಹೇಳಬಹುದು. ಒಂದು ಕಥೆ ಹಾಡಿದವರಿಗೇ ಮರೆತಿದ್ದರೆ ಊರಿನಲ್ಲಿ ಅದನ್ನು ಕಂಡವರನ್ನು ಕೇಳುತ್ತೇನೆ, ಹಾಡಿದವರ ಜೊತೆ ಕೂರಿಸಿ ಕೇಳುತ್ತೇನೆ. ಬೇಡ ಎಂದವರನ್ನು ಒಪ್ಪಿಸುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಅವರ ಮನೆಯವರು ಮಾತಾಡಿಕೊಳ್ಳಲೆಂದು ಎದ್ದು ಬರುತ್ತೇನೆ. ಹಾಡು ಮುಗಿದ ಕೂಡಲೇ ತಲೆ ತಗ್ಗಿಸಿ ಉಪಕರಣ ನೋಡುವುದನ್ನು ಬಿಟ್ಟಿದ್ದೇನೆ.

ಇನ್ನು ಹಾಡಿದವರು ತೆತ್ತ ಬೆಲೆ. ಗಾಯದ ಹಾಡನ್ನು ಮೂವತ್ತು ವರ್ಷ ಹಾಡುವುದು ಹಾಡುವವರನ್ನು ಏನು ಮಾಡುತ್ತದೆ? ಪ್ರತಿ ಸಲ ಹಾಡಿದಾಗಲೂ ಆ ನೋವು ಸ್ವಲ್ಪ ಸ್ವಲ್ಪವೇ ತನ್ನಿಂದ ಬಿಟ್ಟು ಹೋಗುತ್ತದೆ, ಒಂದು ದಿನ ಪೂರ್ತಿ ಹೋಗುತ್ತದೆ ಎಂಬ ಅರ್ಥದ ಮಾತನ್ನು ಗಾಯಕರು ಹೇಳುತ್ತಿದ್ದರು. ಇದನ್ನು ಎಲ್ಲರಿಗೂ ಅನ್ವಯಿಸಲು ನಾನು ಹಿಂಜರಿಯುತ್ತೇನೆ. ಅವರ ಬಳಿ ಜೊತೆಗೆ ಹಾಡುವ ಸಂಗಾತಿಯಿದ್ದರು, ಕೇಳಿ ತಮ್ಮದನ್ನು ಹೇಳುವ ಜನರಿದ್ದರು. ಒಂಟಿಯಾಗಿ ಹಾಡುವವರಿಗೆ ಅದೇ ಹಾಡು ಬೇರೇನೋ ಮಾಡಬಹುದು.

ಮತ್ತೆ ಅದೇ ಹಾಡುಗಳು

2010ರ ಫೆಬ್ರುವರಿಯಲ್ಲಿ ಸಂಗಾತಿ ತೀರಿಕೊಂಡರು. ಅದೇ ವರ್ಷ ಗಾಯಕರಿಗೆ ಪಾರ್ಶ್ವವಾಯು ಬಡಿಯಿತು, ಮರುವರ್ಷ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. ಅವರು ಮತ್ತೆ ಗಿಟಾರ್ ಹಿಡಿದು ಬೆರಳುಗಳಿಗೆ ಪಾಠ ಹೇಳಿದರು, ಹೊಸ ಹಾಡುಗಳನ್ನು ತಂದರು. 2020ರಲ್ಲಿ ಮೊದಲ ಆಲ್ಬಂಗೆ ಮೂವತ್ತು ವರ್ಷ. ಸಾಂಕ್ರಾಮಿಕದ ದಿನಗಳು, ಎಲ್ಲಿಗೂ ಹೋಗುವಂತಿರಲಿಲ್ಲ. ಆಗ ಅವರು ವಾರ್ನಂಬೂಲ್ ಕಡೆಯಲ್ಲಿ, ತಮ್ಮ ತಾಯಿಯ ಜನಾಂಗದ ನೆಲದಲ್ಲಿ ಮನೆ ಮಾಡಿಕೊಂಡಿದ್ದರು. ಇಬ್ಬರು ವಾದಕರನ್ನು ಕೂಡಿಸಿಕೊಂಡು ಮನೆಯ ಅಡುಗೆಮನೆಯ ಮೇಜಿನ ಸುತ್ತ ಕೂತು ಆ ಹಾಡುಗಳನ್ನೆಲ್ಲ ಮತ್ತೊಮ್ಮೆ ಹಾಡಿ ಮುದ್ರಿಸಿದರು. ಉಸಿರು ಮೊದಲಿನಷ್ಟಿಲ್ಲ, ಕೊನೆಯ ವರ್ಷಗಳಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡೇ ವೇದಿಕೆಯಲ್ಲಿ ಕೂರುತ್ತಿದ್ದರು. ಎರಡೂ ಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿದರೆ ದನಿ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ಒಯ್ದ ಮಕ್ಕಳ ಹಾಡನ್ನು ಎರಡನೆಯ ಸಲ ಅವರು ಇನ್ನೂ ಮೆಲ್ಲಗೆ ಹಾಡಿದ್ದಾರೆ, ಮಕ್ಕಳು ಮರಳಿ ಬರುವ ಸಾಲುಗಳನ್ನು ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ.